14ನೇ ನಂಬರ್ ಎಲ್ಲಿ ಹೋಯ್ತು?

(ಸಾಗರದಲ್ಲಿ ಗೆಳೆಯರ ಕೂಟವೊಂದರ ಎದುರು ಆಡಿದ ಮಾತಿನ ಬರಹ ರೂಪ. ಆಗ ಬಾಯಿಗೆ ಬಂದ ಒಂದೆರಡು ಬೈಗುಳ ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ನಾನು ಆಟಗಾರನಲ್ಲ. ಪತ್ರಕರ್ತನೂ ಅಲ್ಲ. ಈ ಊರಿನಲ್ಲಿ 25 ವರ್ಷ ಕೇಬಲ್ ಎಳೆದವನು. ಇಲ್ಲಿ ಕೂತಿರುವವರಲ್ಲಿ ಅರ್ಧ ಜನರ ಮನೆಯ ಕಿಟಕಿ ಚೌಕಟ್ಟಿಗೆ ತೂತು ಕೊರೆದವನು ನಾನೇ. ಮ್ಯಾಚ್ ನಡುವೆ ಚಿತ್ರ ಹೋದಾಗ ನೀವು ಬೈದದ್ದೂ ನನ್ನನ್ನೇ. ಮುಂಬೈಯಲ್ಲಿ ಕೂತವರು ಚಾನೆಲ್ ಬದಲಿಸಿದರೂ ಬೈಗುಳ ಬರುತ್ತಿದ್ದದ್ದು ನನಗೇ. ಹಾಗಾಗಿ ಕ್ರೀಡಾ ಚಾನೆಲ್‌ಗಳ ಮೇಲೆ ಜನರಿಗೆ ಎಂಥಾ ಸಿಟ್ಟಿದೆ ಅಂತ ನನ್ನಷ್ಟು ಹತ್ತಿರದಿಂದ ಕೇಳಿದವರು ಕಡಿಮೆ.

ಈ ಪುಸ್ತಕ ನೋಡಿ. ಅಂಗಡಿಯ ಲೆಕ್ಕದ ಪುಸ್ತಕ, ಉದ್ದ ಸೈಜಿನದು. ನನ್ನ ದೂರು ಪುಸ್ತಕ. ಇಂಥವು ಏಳು ಇದ್ದವು. ಎರಡನ್ನು ಗೆದ್ದಲು ತಿಂದಿತು. ಫೋನ್ ಬಂದಾಗ ದಿನಾಂಕ, ಬೀದಿ, ದೂರು, ಮೂರನ್ನೂ ಬರೆಯುತ್ತಿದ್ದೆ. ಹುಡುಗರನ್ನು ಕಳಿಸಲು ಬೇಕಾಗುತ್ತಿತ್ತು, ಅದಕ್ಕೆ. ಮೊನ್ನೆ ಈ ಮಾತಿಗೆ ಕೂರುವ ಮೊದಲು ಎಲ್ಲ ತಿರುವಿ ಹಾಕಿದೆ. ಒಂದು ವಿಷಯ ಕಣ್ಣಿಗೆ ಬಿತ್ತು. ಜನ ದುಡ್ಡಿನ ಬಗ್ಗೆ ಬೈದಿದ್ದಾರೆ, ಹೌದು. ಜಾಹೀರಾತಿನ ಬಗ್ಗೆ ಬೈದಿದ್ದಾರೆ. ಆದರೆ ಅತಿ ಜಾಸ್ತಿ ಸಲ ಬಂದ ದೂರು ಇದು: "ಇಲ್ಲಿತ್ತಲ್ಲ, ಎಲ್ಲಿ ಹೋಯ್ತು?"

ಬೆಲೆ ಏರಿದರೆ ಜನ ಗೊಣಗುತ್ತಾರೆ, ಕೊಡುತ್ತಾರೆ. ಜಾಗ ಬದಲಾದರೆ ಕಂಗಾಲಾಗುತ್ತಾರೆ. ಇವತ್ತು ನಾನು ಹೇಳುವುದು ಅಷ್ಟೇ ವಿಷಯ.

ಶುರುವಿನಿಂದ ಹೇಳುತ್ತೇನೆ. 1994. ಅಪ್ಪನ ಅಡಿಕೆ ಒಣಗಿಸುವ ಅಂಗಳದಲ್ಲಿ 12 ಅಡಿಯ ಡಿಶ್ ನಿಲ್ಲಿಸಿದೆ. ಅಪ್ಪ ಒಂದು ವಾರ ಮಾತು ಬಿಟ್ಟರು. ಸ್ಟಾರ್‌ನವರ ಚಾನೆಲ್‌ಗಳು 1991ರಲ್ಲೇ ಶುರುವಾಗಿದ್ದವು. ಅದರಲ್ಲಿ ಒಂದು ಪ್ರೈಮ್ ಸ್ಪೋರ್ಟ್ಸ್. ಬಿಟ್ಟಿ. ಡಿಶ್ ಇದ್ದರೆ ಸಾಕು, ಯಾರಿಗೂ ಕಾಸು ಕೊಡಬೇಕಿರಲಿಲ್ಲ. ಅದೇ ಮುಂದೆ ಸ್ಟಾರ್ ಸ್ಪೋರ್ಟ್ಸ್ ಆಯಿತು. 1995ರಲ್ಲಿ ಇಎಸ್‌ಪಿಎನ್ ಬಂತು. ಅದಕ್ಕೆ ಡಿಕೋಡರ್, ಅಂದರೆ ಬೀಗ ಹಾಕಿದ ಚಿತ್ರ ಬಿಡಿಸುವ ಪೆಟ್ಟಿಗೆ ಬೇಕು, ತಿಂಗಳಿಗೆ ದುಡ್ಡು ಬೇಕು. ಆಮೇಲೆ ಇವೆರಡೂ ಸೇರಿ ಸಿಂಗಪುರದಲ್ಲಿ ಒಂದೇ ಸಂಸಾರ ಹೂಡಿದವು.

ಆಗೆಲ್ಲ ಯಾವ ಚಾನೆಲ್ ಯಾವ ನಂಬರಿನಲ್ಲಿ ಬರಬೇಕು ಅಂತ ತೀರ್ಮಾನ ಮಾಡುವವನು ಕೇಬಲ್‌ನವನು. ಅಂದರೆ ನಾನು. ಇಎಸ್‌ಪಿಎನ್‌ಗೆ 14 ಕೊಟ್ಟೆ. ಸ್ಟಾರ್ ಸ್ಪೋರ್ಟ್ಸ್‌ಗೆ 15. ಯಾಕೆ 14? ಯಾವ ಕಾರಣವೂ ಇಲ್ಲ, ಆ ನಂಬರಿನ ಮಾಡ್ಯುಲೇಟರ್, ಅಂದರೆ ಚಾನೆಲನ್ನು ತಂತಿಗೆ ಹತ್ತಿಸುವ ಪೆಟ್ಟಿಗೆ, ಖಾಲಿ ಇತ್ತು, ಸುಮ್ನೆ ಹಾಕಿದೆ. ಆದರೆ ಆ ನಂಬರ್ ಊರಿನವರ ಬೆರಳಿಗೆ ಕೂತುಬಿಟ್ಟಿತು. ಕರೆಂಟ್ ಹೋಗಿ ಬಂದರೆ ಕತ್ತಲಲ್ಲೇ 14 ಒತ್ತುತ್ತಿದ್ದರು. ಒಬ್ಬ ಮೇಷ್ಟ್ರಂತೂ ಆ ಚಾನೆಲ್ ಹೆಸರು ಹೇಳಿದ್ದನ್ನೇ ನಾನು ಕೇಳಿಲ್ಲ. "14ರಲ್ಲಿ ಇವತ್ತು ಏನಪ್ಪಾ?" ಅಂತಲೇ ಕೇಳುತ್ತಿದ್ದರು.

14ರಲ್ಲಿ ಏನೇನು ಬರುತ್ತಿತ್ತು ನೆನಪಿದೆಯಾ? ಟೆನಿಸ್. ಬಿಲಿಯರ್ಡ್ಸ್ ಮೇಜು. ಜಪಾನಿನ ಸುಮೋ. ಲಾರಿ ಎಳೆಯುವ ದೈತ್ಯರು. ಇಂಗ್ಲೆಂಡಿನ ಫುಟ್ಬಾಲ್. ಪಕ್ಕದ 15ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಕುಸ್ತಿ, ಅದನ್ನು ನಿಜ ಅಂತಲೇ ನಂಬಿ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದ ಅಜ್ಜಂದಿರು. ಯಾರೂ ಇದನ್ನೆಲ್ಲ ತೋರಿಸಿ ಅಂತ ಕೇಳಿರಲಿಲ್ಲ. ಮಳೆಗಾಲದ ಮಧ್ಯಾಹ್ನ ಬೇರೆ ಕೆಲಸವಿಲ್ಲದೆ ಹಾಕಿದರೆ ಏನೋ ಓಡುತ್ತಿತ್ತು, ಕೂತು ನೋಡಿದರು. ನಮ್ಮ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನವನು ಹಾಗೇ ಫಾರ್ಮುಲಾ ಒನ್ ಹುಚ್ಚು ಹಿಡಿಸಿಕೊಂಡ. ಟೈರ್ ಬದಲಿಸುವುದನ್ನು ನೋಡಿ "ಇದು ನಂಗೂ ಗೊತ್ತಿರೋ ಕೆಲ್ಸ" ಅಂದ. ಶೂಮಾಕರ್‌ನ ಹೆಸರನ್ನು ಅವನು ಹೇಳುತ್ತಿದ್ದ ರೀತಿ ಇಲ್ಲಿ ಬರೆದು ತೋರಿಸಲು ಆಗುವುದಿಲ್ಲ.

ಇದು ಬರೀ ಹಳೆಯ ಕಾಲದ ಹೊಗಳಿಕೆ ಅಂತ ನಿಮಗೆ ಅನ್ನಿಸಬಹುದು. ಅಲ್ಲ. ಆ ಕಾಲದಲ್ಲೂ ಕ್ರಿಕೆಟ್ ಎಲ್ಲಿ ಬರುತ್ತದೆ ಅನ್ನುವುದಕ್ಕೆ ದೊಡ್ಡ ಜಗಳಗಳೇ ನಡೆದಿವೆ.

90ರ ದಶಕದ ಮೊದಲಲ್ಲಿ ಒಂದು ಪಂದ್ಯ ತೋರಿಸಲು ದೂರದರ್ಶನವೇ ಕ್ರಿಕೆಟ್ ಮಂಡಳಿಯಿಂದ 5 ಲಕ್ಷ ರೂಪಾಯಿ ಕೇಳುತ್ತಿತ್ತು. ಸರಿಯಾಗಿ ಕೇಳಿಸಿಕೊಳ್ಳಿ. ತೋರಿಸುವವರೇ ದುಡ್ಡು ಕೇಳುತ್ತಿದ್ದರು. ಮಂಡಳಿಯ ದಾಲ್ಮಿಯಾ, ಬಿಂದ್ರಾ ಅದನ್ನು ಉಲ್ಟಾ ಮಾಡಿದರು. 1993ರ ಹೀರೋ ಕಪ್ಪನ್ನು ಹೊರಗಿನ ಕಂಪನಿಗೆ ಮಾರಿದರು. ದೂರದರ್ಶನ ಬಿಡಲಿಲ್ಲ. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರುವರಿ 9ರಂದು ತೀರ್ಪು ಬಂತು. ಗಾಳಿಯಲ್ಲಿ ಹೋಗುವ ಅಲೆಗಳು ಸರ್ಕಾರದ ಸ್ವತ್ತಲ್ಲ, ಸಾರ್ವಜನಿಕರ ಆಸ್ತಿ ಅಂತ. ಓದಿ ನನಗೆ ಎಷ್ಟು ಖುಷಿಯಾಗಿತ್ತು ಅಂದರೆ ಆ ಪೇಪರ್ ಕತ್ತರಿಸಿ ಕಂಟ್ರೋಲ್ ರೂಮಿನ ಗೋಡೆಗೆ ಅಂಟಿಸಿದ್ದೆ. ಸಾರ್ವಜನಿಕರು ಅಂದರೆ ನಾವು ಅಂದುಕೊಂಡಿದ್ದೆ.

ಮರುವರ್ಷವೇ ವಿಶ್ವಕಪ್. ಅದರ ಟಿವಿ ಹಕ್ಕು ಹಿಡಿದವರು ವರ್ಲ್ಡ್‌ಟೆಲ್‌ನ ಮಾರ್ಕ್ ಮಸ್ಕರೇನ್ಹಸ್. ನಮ್ಮ ಬೆಂಗಳೂರಿನವರು, ಅಮೆರಿಕಕ್ಕೆ ಹೋಗಿ ಟಿವಿ ವ್ಯಾಪಾರ ಕಲಿತವರು. ಮಾರ್ಚ್ 9ರಂದು ಚಿನ್ನಸ್ವಾಮಿಯಲ್ಲಿ ಪಾಕಿಸ್ತಾನದ ವಿರುದ್ಧ ಕ್ವಾರ್ಟರ್ ಫೈನಲ್. ಅಮೀರ್ ಸೊಹೈಲ್ ಬ್ಯಾಟ್ ತೋರಿಸಿದ್ದು, ಮುಂದಿನ ಚೆಂಡಿಗೇ ವೆಂಕಟೇಶ್ ಪ್ರಸಾದ್ ಸ್ಟಂಪ್ ಹಾರಿಸಿದ್ದು. ಊರಿಗೆ ಊರೇ ದೂರದರ್ಶನದಲ್ಲಿ ನೋಡಿತು. ಅವತ್ತು ದೂರು ಪುಸ್ತಕದಲ್ಲಿ ಒಂದೇ ಒಂದು ಸಾಲಿಲ್ಲ. ಇದ್ದರೂ ಬರೆದುಕೊಳ್ಳಲು ನಾನು ಅಂಗಡಿಯಲ್ಲಿ ಇರಲಿಲ್ಲ ಅನ್ನಿ.

ಆಮೇಲೆ ಚಾನೆಲ್‌ಗಳು ನಾಯಿಕೊಡೆಯ ಹಾಗೆ ಎದ್ದವು. 2002ರ ಫುಟ್ಬಾಲ್ ವಿಶ್ವಕಪ್ ಹೊತ್ತಿಗೆ ಟೆನ್ ಸ್ಪೋರ್ಟ್ಸ್. 2003ರ ಕ್ರಿಕೆಟ್ ವಿಶ್ವಕಪ್ ಬಂದದ್ದು ಸಿನಿಮಾ ತೋರಿಸುವ ಸೆಟ್ ಮ್ಯಾಕ್ಸ್‌ನಲ್ಲಿ. ಮಂದಿರಾ ಬೇಡಿ ಕೂತು ಕ್ರಿಕೆಟ್ ಪ್ರಶ್ನೆ ಕೇಳಿದರು. ಊರಿನ ಗಂಡಸರೆಲ್ಲ "ಇವರಿಗೇನು ಗೊತ್ತು ಕ್ರಿಕೆಟ್" ಅಂತ ಬೈದರು. ಬೈಯುತ್ತಲೇ ಒಂದು ದಿನವೂ ತಪ್ಪಿಸಲಿಲ್ಲ. ಆಕೆ ಕೇಳಿದ ಪ್ರಶ್ನೆಗಳನ್ನು ಮನೆಯ ಹೆಂಗಸರು ಕೇಳಿದ್ದರೆ ಇವರು ಯಾರೂ ಉತ್ತರ ಹೇಳುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಓವರಿನ ಆರನೇ ಚೆಂಡು ಕೀಪರ್ ಕೈ ಸೇರುವ ಮೊದಲೇ ಜಾಹೀರಾತು ನುಗ್ಗುವುದು ಜೋರಾದದ್ದು ಆ ಕಾಲದಲ್ಲೇ.

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸ್ಕೋರ್ ಬರುವ ಜಾಗದ ಮೇಲೆ "ಆಷಾಢ ಮಾರಾಟ, ಸೀರೆಗಳ ಮೇಲೆ ಭಾರೀ ರಿಯಾಯಿತಿ" ಅಂತ ಪಟ್ಟಿ ಓಡಿಸಿದವನು ನಾನು. ಆ ಬಟ್ಟೆ ಅಂಗಡಿಯವರು ತಿಂಗಳಿಗೆ 600 ಕೊಡುತ್ತಿದ್ದರು. ಎಷ್ಟು ರನ್ ಬೇಕು ಅಂತ ನಿಮಗೆ ಕಾಣದೆ ಹೋದ ಪಾಪದಲ್ಲಿ ನನಗೂ ಪಾಲಿದೆ. (ಇಲ್ಲಿ ಹಿಂದಿನ ಸಾಲಿನಿಂದ ಯಾರೋ "ಪಾಲಲ್ಲ, ಪೂರ್ತಿ" ಅಂದರು. ನಕ್ಕರು. ಸರಿ.)

ಚಾನೆಲ್‌ಗಳ ಜೊತೆ ನಮ್ಮ ವ್ಯವಹಾರವೂ ಚೊಕ್ಕವಾಗಿರಲಿಲ್ಲ. ಮನೆ ಲೆಕ್ಕದ ಮೇಲೆ ದುಡ್ಡು. ನನ್ನ ಹತ್ತಿರ 800 ಮನೆ ಇದ್ದರೆ 250 ಅಂತ ತೋರಿಸುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಅವರ ಏಜೆಂಟ್ ಬಂದು ಬೀದಿಬೀದಿ ಸುತ್ತಿ ತಂತಿ ಎಣಿಸುತ್ತಿದ್ದ. ಒಂದು ಸಲ ಒಂದು ಕ್ರೀಡಾ ಚಾನೆಲ್‌ನವರು, ಯಾರು ಅಂತ ಬೇಡ, ದೊಡ್ಡ ಸರಣಿ ಶುರುವಾಗುವ ಹಿಂದಿನ ರಾತ್ರಿ ನನ್ನ ಡಿಕೋಡರ್ ಆಫ್ ಮಾಡಿದರು. ಬಾಕಿ ಕೊಟ್ಟಾಗಿತ್ತು. "ಇನ್ನೂ 200 ಮನೆ ಸೇರಿಸಿ ಸಹಿ ಹಾಕು, ಆನ್ ಮಾಡ್ತೀವಿ" ಅಂದರು. ಬೆಳಗ್ಗೆ ಒಂಬತ್ತಕ್ಕೆ ಟಾಸ್. ಎಂಟೂವರೆಗೆ ಸಹಿ ಹಾಕಿದೆ. ಅವತ್ತಿನ ಪುಟ ಇಲ್ಲಿದೆ. ಏಳರಿಂದ ಎಂಟೂವರೆಯ ಒಳಗೆ 61 ದೂರು. ಅಷ್ಟೂ ಒಂದೇ ಮಾತು: 14 ಬರ್ತಿಲ್ಲ.

2004ರಲ್ಲಿ ಭಾರತ ಪಾಕಿಸ್ತಾನಕ್ಕೆ ಹೋಯಿತು. ಹಕ್ಕು ಟೆನ್ ಸ್ಪೋರ್ಟ್ಸ್‌ನದು. ಕೇಬಲ್ ಇಲ್ಲದ ಹಳ್ಳಿಯವರು ಏನು ಮಾಡಬೇಕು? ಮತ್ತೆ ಕೋರ್ಟು. ದೂರದರ್ಶನಕ್ಕೂ ಕೊಡಿ ಅಂತ ಆದೇಶವಾಯಿತು. ಕರಾಚಿಯಲ್ಲಿ ದ್ರಾವಿಡ್ 99ಕ್ಕೆ ಔಟಾದದ್ದು ಆ ಪ್ರವಾಸದಲ್ಲಿ, ರಾವಲ್ಪಿಂಡಿಯಲ್ಲಿ 270 ಹೊಡೆದದ್ದೂ ಆಗಲೇ. 2007ರ ಜನವರಿಯಲ್ಲಿ ಇನ್ನೂ ಮಜಾ ಆಯಿತು. ವೆಸ್ಟ್ ಇಂಡೀಸ್ ಬಂದಿತ್ತು, ಹಕ್ಕು ನಿಂಬಸ್‌ನವರದು, ಅವರ ಚಾನೆಲ್ ನಿಯೋ. ದೂರದರ್ಶನ ಏಳು ನಿಮಿಷ ತಡವಾಗಿ ತೋರಿಸಬಹುದು ಅಂತ ದೆಹಲಿ ಹೈಕೋರ್ಟ್ ಹೇಳಿತು. ಏಳು ನಿಮಿಷ! ಪೇಟೆಯಲ್ಲಿ ಕೇಬಲ್, ಹಳ್ಳಿಯಲ್ಲಿ ಆಂಟೆನಾ. ಪೇಟೆಯ ಭಾವ ಹಳ್ಳಿಯ ಭಾವನಿಗೆ ಫೋನ್ ಮಾಡಿ, "ನೋಡ್ತಾ ಇರು, ಇನ್ನೊಂದು ಓವರಿಗೆ ಇವನು ಔಟ್ ಆಗ್ತಾನೆ, ಬೆಟ್ಟಾ?" ಅನ್ನುತ್ತಿದ್ದ. ಹೀಗೆ ಗೆದ್ದ ಬಾಳೆಗೊನೆಗಳ ಕಥೆ ನನಗೆ ಗೊತ್ತು. ಕೊನೆಗೆ ಸುಗ್ರೀವಾಜ್ಞೆ, ಆಮೇಲೆ ಕಾನೂನೇ ಬಂತು: ದೇಶಕ್ಕೆ ಮುಖ್ಯವಾದ ಪಂದ್ಯಗಳನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು.

ಒಳ್ಳೆಯದಾಯಿತು ಅಂದುಕೊಂಡಿರಾ? 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಹಾಗೆ ಹಂಚಿಕೊಂಡ ಪಂದ್ಯ ದೂರದರ್ಶನದ ಆಂಟೆನಾದಲ್ಲಿ, ಅವರದೇ ಬಿಟ್ಟಿ ತಟ್ಟೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ಬರಬೇಕು. ಖಾಸಗಿ ಕೇಬಲ್‌ನಲ್ಲಿ ಬರುವ ದೂರದರ್ಶನದಲ್ಲಿ ಬರಕೂಡದು. ಅದಕ್ಕೆ ಕಾರಣವೂ ಇದೆ, ದುಡ್ಡು ಕೊಟ್ಟು ಹಕ್ಕು ಕೊಂಡವನ ಹೊಟ್ಟೆಯ ಮೇಲೆ ಹೊಡೆಯಬಾರದಲ್ವಾ. ಆದರೆ ನನ್ನ ಗಿರಾಕಿಗೆ ಇದನ್ನು ಹೇಗೆ ಹೇಳಲಿ? "ಪಕ್ಕದ ಮನೆಯವನು ತಟ್ಟೆ ಹಾಕಿ ಬಿಟ್ಟಿ ನೋಡ್ತಿದಾನೆ. ನಿಂಗೆ ತಿಂಗಳು ತಿಂಗಳು ದುಡ್ಡು ಕೊಡೋ ನಂಗೆ ಅದೇ ದೂರದರ್ಶನದಲ್ಲಿ ಬೇರೇನೋ ಬರ್ತಿದೆ!" ಈ ದೂರು ನಾಲ್ಕನೇ ಪುಸ್ತಕದಲ್ಲಿ ಎಷ್ಟು ಸಲ ಇದೆ ಅಂದರೆ ಕೊನೆಕೊನೆಗೆ ಬರೀ "ಡಿಡಿ" ಅಂತ ಗೀಚಿದ್ದೇನೆ. ಸಾರ್ವಜನಿಕರ ಆಸ್ತಿ ಅಂದ ಆ ಪೇಪರ್ ತುಂಡು ಅಷ್ಟು ಹೊತ್ತಿಗೆ ಹಳದಿಯಾಗಿ ಉದುರಿ ಹೋಗಿತ್ತು.

14ರ ಕಥೆಗೆ ಬರುತ್ತೇನೆ.

2012ರಲ್ಲಿ ಸಿಂಗಪುರದ ಸಂಸಾರ ಮುರಿಯಿತು. ಸ್ಟಾರ್‌ನವರು ಪೂರ್ತಿ ಕೊಂಡರು. 2013ರ ನವೆಂಬರ್ 6ರಂದು ಇಎಸ್‌ಪಿಎನ್ ಅನ್ನುವ ಹೆಸರೇ ನಮ್ಮ ಟಿವಿಯಿಂದ ಅಳಿಸಿಹೋಯಿತು. ಅದು ಸ್ಟಾರ್ ಸ್ಪೋರ್ಟ್ಸ್ 4 ಆಯಿತು. ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ ನಂಬರ್. ಯಾವುದು ಹಿಂದಿ, ಯಾವುದು ಇಂಗ್ಲಿಷ್, ಎಲ್ಲಿ ಕ್ರಿಕೆಟ್, ಎಲ್ಲಿ ಫುಟ್ಬಾಲ್ ಅಂತ ನನಗೇ ಬಾಯಿಪಾಠ ಆಗಲು ತಿಂಗಳು ಬೇಕಾಯಿತು. ನಾನೊಂದು ಉಪಾಯ ಮಾಡಿದೆ. ಹೆಸರು ಏನಾದರೂ ಆಗಲಿ, ಆಟ ಬರುವ ಚಾನೆಲನ್ನು 14ರಲ್ಲೇ ಇಟ್ಟೆ. ಹೆಸರು ಬದಲಾದದ್ದು ಮೇಷ್ಟ್ರಿಗೆ ಒಂದೂವರೆ ವರ್ಷ ಗೊತ್ತೇ ಆಗಲಿಲ್ಲ. ಈಗಲೂ ಅದು ನನ್ನ ವೃತ್ತಿಯ ದೊಡ್ಡ ಸಾಧನೆ ಅಂತ ಅಂದುಕೊಂಡಿದ್ದೇನೆ.

ಆಮೇಲೆ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ನಂಬರ್ ಕೊಡುವ ಅಧಿಕಾರ ನನ್ನ ಕೈಯಿಂದ ಹೋಯಿತು. ದೂರದ ಊರಿನ ದೊಡ್ಡ ಆಪರೇಟರ್ ಕೊಡುತ್ತಾನೆ, ಅವನು ಕೊಟ್ಟದ್ದೇ ನಂಬರ್. 14 ಹೋಗಿ 300ರ ಆಚೆ ಎಲ್ಲೋ ಹೋಯಿತು. ಆರು ತಿಂಗಳಿಗೊಮ್ಮೆ ಅದೂ ಬದಲಾಗುತ್ತಿತ್ತು. ಅಷ್ಟರಲ್ಲಿ ಟೆನ್ ಸ್ಪೋರ್ಟ್ಸ್ ಅನ್ನು ಜೀಯಿಂದ ಸೋನಿ ಕೊಂಡಿತು. ಸೋನಿ ಸಿಕ್ಸ್, ಸೋನಿ ಇಎಸ್‌ಪಿಎನ್, ಸೋನಿ ಟೆನ್ 1, 2, 3. ಆಮೇಲೆ ಅವುಗಳಿಗೂ ಹೊಸ ಹೆಸರು. ಮೇಷ್ಟ್ರ ಮನೆಗೆ ಹೋದರೆ ಟಿವಿ ಪಕ್ಕ ಒಂದು ರಟ್ಟು ತೂಗುಹಾಕಿದ್ದರು. ಚಾನೆಲ್, ನಂಬರ್, ಯಾವ ಆಟ. ಹೊಡೆದು ಹಾಕಿ, ಮತ್ತೆ ಬರೆದು, ಮತ್ತೆ ಹೊಡೆದು ಹಾಕಿ. ಜೀವನವಿಡೀ ಹುಡುಗರ ಉತ್ತರ ಪತ್ರಿಕೆ ತಿದ್ದಿದ ಕೈ ಅದು. ಕೊನೆಗೆ ಆ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದರು.

2019ರ ಫೆಬ್ರುವರಿಯಲ್ಲಿ ಟ್ರಾಯ್, ಅಂದರೆ ಫೋನು, ಕೇಬಲ್‌ಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ, ಹೊಸ ದರ ತಂದಿತು. ಉದ್ದೇಶ ಒಳ್ಳೆಯದೇ. ಬೇಕಾದ ಚಾನೆಲ್‌ಗೆ ಮಾತ್ರ ದುಡ್ಡು ಕೊಡಿ ಅಂತ. ಮೊದಲ 100 ಚಾನೆಲ್‌ಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ನಿಮಗೆ ಬೇಕಾದದ್ದು. ಗುಚ್ಛದಲ್ಲಿ, ಅಂದರೆ ಹಲವು ಚಾನೆಲ್ ಒಟ್ಟಿಗೆ ಕೊಡುವ ಕಟ್ಟಿನಲ್ಲಿ, ಸೇರಬೇಕಾದ ಚಾನೆಲ್‌ನ ಬೆಲೆ 19 ರೂಪಾಯಿ ದಾಟಬಾರದು ಅಂದರು. ದಾಟಬಾರದು ಅಂದರೆ ಏನಾಗುತ್ತದೆ? ಮುಖ್ಯ ಚಾನೆಲ್‌ಗಳೆಲ್ಲ ಸರಿಯಾಗಿ 19ಕ್ಕೇ ಬಂದು ನಿಂತವು. ಆ ಜನವರಿ ಪೂರ್ತಿ ನಾನು ಮನೆಮನೆಗೆ ಫಾರಂ ಹಿಡಿದು ತಿರುಗಿದೆ. "ಯಾವ ಕ್ರೀಡಾ ಚಾನೆಲ್ ಬೇಕು?" ಅಂತ ಕೇಳಿದರೆ ಜನ ಕೊಟ್ಟ ಉತ್ತರ ನೋಡಿ: "ಮ್ಯಾಚ್ ಬರೋದು." ಯಾವ ಮ್ಯಾಚ್ ಯಾರ ಹತ್ತಿರ ಇದೆ, ಮುಂದಿನ ವರ್ಷ ಯಾರ ಹತ್ತಿರ ಇರುತ್ತದೆ ಅಂತ ಪೇಟೆಯ ವಕೀಲರಿಗೇ ಗೊತ್ತಿಲ್ಲ, ಇವರಿಗೆ ಹೇಗೆ ಗೊತ್ತಿರಬೇಕು?

ಈಚಿನದನ್ನೇ ತೆಗೆದುಕೊಳ್ಳಿ. 2022ರ ನವೆಂಬರ್‌ನಲ್ಲಿ ಭಾರತ ನ್ಯೂಜಿಲೆಂಡ್‌ಗೆ ಹೋದಾಗ ಅದು ಅಮೆಜಾನ್ ಪ್ರೈಮ್‌ನಲ್ಲಿ. 2023ರಲ್ಲಿ ನಮ್ಮ ನೆಲದ ಸರಣಿಗಳು ಸ್ಪೋರ್ಟ್ಸ್18 ಅನ್ನುವ ಚಾನೆಲ್‌ಗೆ ಹೋದವು. ಅದೇ ವರ್ಷದ ವಿಶ್ವಕಪ್ ಮಾತ್ರ ಸ್ಟಾರ್‌ನಲ್ಲಿ. 2025ರಲ್ಲಿ ಇಂಗ್ಲೆಂಡಿನ ಟೆಸ್ಟ್ ಸರಣಿ ಟಿವಿಯಲ್ಲಾದರೆ ಸೋನಿ, ಫೋನಿನಲ್ಲಾದರೆ ಜಿಯೋಹಾಟ್‌ಸ್ಟಾರ್. ಸೆಪ್ಟೆಂಬರ್‌ನ ಏಷ್ಯಾ ಕಪ್ ಎರಡೂ ಕಡೆ ಸೋನಿ. ಅಕ್ಟೋಬರ್‌ನ ಆಸ್ಟ್ರೇಲಿಯಾ ಪ್ರವಾಸ ಮತ್ತೆ ಸ್ಟಾರ್. ಆಡುವವರು ಅವರೇ ಹನ್ನೊಂದು ಜನ. ಹುಡುಕಿಕೊಂಡು ಹೋಗುವವರು ಮಾತ್ರ ನಾವು.

ಯಾಕೆ ಹೀಗೆ? ನನಗೆ ತಿಳಿದ ಲೆಕ್ಕ ಹೇಳುತ್ತೇನೆ. ಐಪಿಎಲ್‌ನ ಐದು ವರ್ಷದ ಹಕ್ಕು 2017ರಲ್ಲಿ 16,347.50 ಕೋಟಿಗೆ ಹೋಯಿತು. 2022ರಲ್ಲಿ ಮುಂದಿನ ಐದು ವರ್ಷಕ್ಕೆ ಟಿವಿ, ಫೋನು ಎಲ್ಲ ಸೇರಿ 48,390 ಕೋಟಿ. ಪಂದ್ಯಗಳು 410. ಭಾಗಿಸಿ ನೋಡಿ, ಪಂದ್ಯಕ್ಕೆ 118 ಕೋಟಿ. ಒಂದು ಪಂದ್ಯದಲ್ಲಿ 240 ಚೆಂಡು. ಅಂದರೆ ಚೆಂಡಿಗೆ ಸುಮಾರು 49 ಲಕ್ಷ. ವೈಡ್ ಹಾಕಿದರೆ ಅದು ಬಿಟ್ಟಿ. ಒಂದು ಕಾಲದಲ್ಲಿ ಇಡೀ ಪಂದ್ಯಕ್ಕೆ 5 ಲಕ್ಷ ಕೊಡಿ ಅಂತ ದೂರದರ್ಶನ ಕೇಳುತ್ತಿತ್ತು ಅಂದೆನಲ್ಲ, ಈಗ ಒಂದೊಂದು ಚೆಂಡಿಗೂ ಅದರ ಹತ್ತರಷ್ಟು ಈ ಕಡೆಯಿಂದ ಆ ಕಡೆ ಹೋಗುತ್ತದೆ.

ಚೆಂಡಿಗೆ 49 ಲಕ್ಷ ಸುರಿದವನು ನಿಮಗೆ ಸುಮೋ ತೋರಿಸುತ್ತಾನಾ? ಅವನು ಆ ದುಡ್ಡು ಎತ್ತಬೇಕು. ಹಾಗಾಗಿ ಬೌಲರ್ ಓಡಿ ಬರುವಾಗಲೇ ಪರದೆ ಒಂದು ಮೂಲೆಗೆ ಕುಗ್ಗಿ ಏಲಕ್ಕಿ ಜಾಹೀರಾತು. ಬೌಂಡರಿ ಹಗ್ಗದ ಮೇಲೆ ಜಾಹೀರಾತು, ಸ್ಕೋರ್ ಪಟ್ಟಿಯಲ್ಲಿ ಜಾಹೀರಾತು. ದುಡ್ಡು ಕಟ್ಟಿ ಆಡುವ ಫ್ಯಾಂಟಸಿ ಆಟಗಳದ್ದೇ ವರ್ಷಗಟ್ಟಲೆ ಕಾರುಬಾರು, 2025ರ ಆಗಸ್ಟ್‌ನಲ್ಲಿ ಕಾನೂನು ಬಂದು ನಿಲ್ಲುವವರೆಗೆ. ಮ್ಯಾಚ್ ಇಲ್ಲದ ಹೊತ್ತು ಹಳೇ ಮ್ಯಾಚಿನ ತುಂಡು, ಇಲ್ಲವೇ ಇಬ್ಬರು ಕೂತು ಕೊಹ್ಲಿಯ ಬಗ್ಗೆ ಮಾತು. ಕೊಹ್ಲಿ ನನಗೂ ಇಷ್ಟ. ಆದರೆ ಮಧ್ಯಾಹ್ನ ಎರಡಕ್ಕೆ, ಸಂಜೆ ಐದಕ್ಕೆ, ರಾತ್ರಿ ಹನ್ನೊಂದಕ್ಕೆ ಅದೇ ಮಾತು ಅಂದರೆ?

ಗ್ಯಾರೇಜಿನವನ ಫಾರ್ಮುಲಾ ಒನ್ 2023ರಲ್ಲಿ ಟಿವಿಯಿಂದಲೇ ಹೋಯಿತು. ಮರುವರ್ಷದಿಂದ ಫ್ಯಾನ್‌ಕೋಡ್ ಅನ್ನುವ ಆ್ಯಪ್‌ನಲ್ಲಿ. ಅವನು ಮಗನ ಫೋನಿನಲ್ಲಿ ದುಡ್ಡು ಕಟ್ಟಿ ನೋಡುತ್ತಾನೆ. ನೋಡಲಿ, ಅವನಿಗೆ ಅದು ಗೊತ್ತು. ನನ್ನ ಪ್ರಶ್ನೆ ಅವನಿಗಿಂತ ಚಿಕ್ಕವನ ಬಗ್ಗೆ. ಇವತ್ತಿನ ಹದಿನೈದರ ಹುಡುಗ ಮಳೆಗಾಲದ ಮಧ್ಯಾಹ್ನ ಏನೋ ಹಾಕಲು ಹೋಗಿ ಫಾರ್ಮುಲಾ ಒನ್‌ಗೆ ಎಡವುವುದು ಹೇಗೆ? ಆ್ಯಪ್‌ನಲ್ಲಿ ನೀವು ಹುಡುಕಿದ್ದು ಸಿಗುತ್ತದೆ. ಹುಡುಕದ್ದು ಸಿಗುವುದಿಲ್ಲ.

ಎಲ್ಲ ಬದಲಾವಣೆಯೂ ಕೆಟ್ಟದ್ದು ಅಂತ ನಾನು ಹೇಳಿದರೆ ನಮ್ಮಮ್ಮ ಒಪ್ಪುವುದಿಲ್ಲ. ಎರಡು ಒಳ್ಳೆಯ ತಿರುವು ಆಗಿವೆ.

ಒಂದು, ಕಬಡ್ಡಿ. 2014ರ ಜುಲೈನಲ್ಲಿ ಪ್ರೊ ಕಬಡ್ಡಿ ಶುರುವಾದಾಗ ನಾನು ನಕ್ಕಿದ್ದೆ. ಗದ್ದೆ ಕೊಯ್ಲಾದ ಮೇಲೆ ಲೈಟ್ ಕಟ್ಟಿ ಆಡುವ ಆಟವನ್ನು ಯಾರು ಟಿವಿಯಲ್ಲಿ ನೋಡುತ್ತಾರೆ ಅಂತ. ಮೊದಲ ವಾರದಲ್ಲೇ ಹಳ್ಳಿಗಳಿಂದ ಹೊಸ ಕನೆಕ್ಷನ್ ಕೇಳಿ ಫೋನ್. 30 ಸೆಕೆಂಡಿನ ರೈಡ್, ತಲೆಯ ಮೇಲಿನ ಕ್ಯಾಮೆರಾ, ಮ್ಯಾಟ್ ಮೇಲಿನ ಬಣ್ಣ. ನಾವು ಹುಟ್ಟಿದಾಗಿನಿಂದ ನೋಡಿದ ಆಟವನ್ನು ಮೊದಲ ಸಲ ಮೇಲಿನಿಂದ ನೋಡಿದೆವು. 2019ರ ಜನವರಿ 5ರಂದು ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್ ಗೆದ್ದಾಗ ನಮ್ಮ ಬೀದಿಯಲ್ಲಿ ಪಟಾಕಿ ಹೊಡೆದರು.

ಇನ್ನೊಂದು, ಕನ್ನಡ. 2018ರ ಕೊನೆಯಲ್ಲಿ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಬಂತು. ಶುರುವಿನಲ್ಲಿ ಅದರ ಕಾಮೆಂಟರಿ ಕೇಳಿ ನಾನೇ ಬೈದಿದ್ದೇನೆ. ಹಿಂದಿಯ ಕೂಗಾಟಕ್ಕೆ ಕನ್ನಡದ ಅಂಗಿ ತೊಡಿಸಿದ ಹಾಗಿತ್ತು. ಆಮೇಲೆ ಕಿವಿ ಹೊಂದಿಕೊಂಡಿತೋ, ಅವರೇ ಸುಧಾರಿಸಿದರೋ. 1999ರಲ್ಲಿ ನೈರೋಬಿಯಲ್ಲಿ ಸರಣಿ ಶ್ರೇಷ್ಠನಾದ ವಿಜಯ್ ಭಾರದ್ವಾಜ್ ಅಂಥವರು ಕೂತು, ಬೌಲರ್ ಬೆರಳನ್ನು ಎಲ್ಲಿ ಇಟ್ಟಿದ್ದಾನೆ ಅಂತ ಕನ್ನಡದಲ್ಲಿ ಹೇಳಿದರೆ ಸುಮ್ನೆ ಕೇಳುತ್ತಾ ಕೂರಬಹುದು. ಪೇಪರಿನವರು ವಿಕೆಟ್‌ಗೆ ಹುದ್ದರಿ ಅಂತ ಬರೆಯುತ್ತಿದ್ದ ಕಾಲದಿಂದ ಇಲ್ಲಿಯವರೆಗೆ ಬಂದಿದ್ದೇವೆ.

ನಮ್ಮಮ್ಮ ಮೂವತ್ತು ವರ್ಷ ಕ್ರಿಕೆಟ್ ಇರುವ ಮನೆಯಲ್ಲಿ ಇದ್ದವರು. ಚಹಾ ತಂದು ಕೊಟ್ಟು ಹೋಗುತ್ತಿದ್ದರು. ಕನ್ನಡದಲ್ಲಿ ಬಂದ ಮೇಲೆ ಚಹಾ ಇಟ್ಟು ನಿಂತರು. ಆಮೇಲೆ ಕೂತರು. ಈಗ ಚಹಾ ನಾನು ಮಾಡುತ್ತೇನೆ. "ಸ್ಲಿಪ್ ತೆಗೆದದ್ದು ತಪ್ಪಾಯ್ತು" ಅಂತ ಹೋದ ವರ್ಷ ಒಂದು ಸಂಜೆ ಅಂದರು. ಸರಿಯಾಗಿಯೇ ಹೇಳಿದ್ದರು. ಯಾವ ಜಾಹೀರಾತಿಗೂ ನಾನು ಕೃತಜ್ಞನಲ್ಲ, ಇದಕ್ಕೆ ಮಾತ್ರ ಇದ್ದೇನೆ.

ಈಗ ಬಿಟ್ಟಿಯ ಕಥೆ. 2023ರಲ್ಲಿ ಜಿಯೋಸಿನಿಮಾದಲ್ಲಿ ಐಪಿಎಲ್ ಬಿಟ್ಟಿ. 2024ರಲ್ಲೂ ಬಿಟ್ಟಿ. ಜನ ಕೇಬಲ್‌ನ ಕ್ರೀಡಾ ಗುಚ್ಛ ತೆಗೆಸಿದರು. ಕೆಲವರು ಕೇಬಲ್ಲನ್ನೇ ತೆಗೆಸಿದರು. 2024ರ ನವೆಂಬರ್‌ನಲ್ಲಿ ಜಿಯೋಸಿನಿಮಾದವರು, ಸ್ಟಾರ್‌ನವರು, ಎರಡೂ ಕಂಪನಿ ಸೇರಿದವು, 2025ರ ಫೆಬ್ರುವರಿ 14ಕ್ಕೆ ಜಿಯೋಹಾಟ್‌ಸ್ಟಾರ್ ಹುಟ್ಟಿತು, ಬಿಟ್ಟಿ ಮುಗಿಯಿತು. ನನಗೇನೂ ಆಶ್ಚರ್ಯ ಆಗಲಿಲ್ಲ. ಪ್ರೈಮ್ ಸ್ಪೋರ್ಟ್ಸ್ ಬಿಟ್ಟಿ ಬಂದದ್ದು, ಆಮೇಲೆ ಅದೇ ಚಾನೆಲ್‌ಗೆ ಡಿಕೋಡರ್ ಬಂದದ್ದು ನೋಡಿದವನು ನಾನು. ಮೊದಲು ಬೆಲ್ಲ, ಆಮೇಲೆ ಬಿಲ್ಲು.

(ಇಲ್ಲಿ ಒಬ್ಬರು ಎದ್ದು ಕೇಳಿದರು: ಈಗ ಎಲ್ಲ ಒಂದೇ ಕಡೆ ಬಂದಿದೆಯಲ್ಲ, ನಿಮಗೆ ಬೇಕಾದ ಒಂದೇ ಜಾಗ ಸಿಕ್ಕಿತಲ್ಲ?)

ಒಳ್ಳೆಯ ಪ್ರಶ್ನೆ. ಎಲ್ಲ ಬಂದಿಲ್ಲ, ಸೋನಿ ಬೇರೆ ಇದೆ, ಫ್ಯಾನ್‌ಕೋಡ್ ಬೇರೆ ಇದೆ. ಆದರೂ ಬಹಳಷ್ಟು ಬಂದಿದೆ. ಊರಿಗೆ ಒಂದೇ ಅಂಗಡಿ ಇದ್ದರೆ ಹುಡುಕುವ ಕೆಲಸ ಇಲ್ಲ, ನಿಜ. ಬೆಲೆ ಕೇಳುವ ಕೆಲಸವೂ ಇರುವುದಿಲ್ಲ. ನಾನು ಈ ಊರಿನ ಒಂದೇ ಕೇಬಲ್‌ನವನಾಗಿದ್ದಾಗ ಹೇಗೆ ನಡೆದುಕೊಂಡೆ ಅಂತ ನಿಮಗೆ ಗೊತ್ತಲ್ಲ. ಆ ಸೀರೆ ಜಾಹೀರಾತು ನೆನಪಿಸಿಕೊಳ್ಳಿ.

ಕೇಬಲ್ ನಿಲ್ಲಿಸಿ ಈಗ ಅದೇ ಕಂಬಗಳ ಮೇಲೆ ಫೈಬರ್ ಎಳೆದಿದ್ದೇನೆ, ಇಂಟರ್ನೆಟ್ ಕೊಡುತ್ತೇನೆ. ದೂರು ಪುಸ್ತಕ ನಿಂತಿಲ್ಲ, ಇದು ಏಳನೆಯದು. ಕೊನೆಗೆ ಒಂದು ಪುಟ ಓದಿ ಮುಗಿಸುತ್ತೇನೆ.

2025ರ ಜೂನ್ 3. ಅಹಮದಾಬಾದಿನಲ್ಲಿ ಆರ್‌ಸಿಬಿ, ಪಂಜಾಬ್ ಫೈನಲ್. ನಮ್ಮಲ್ಲಿ ಜೋರು ಮಳೆ. ಮೇಲಿನ ಕೇರಿಯಲ್ಲಿ ಮರದ ಕೊಂಬೆ ಬಿದ್ದು ಫೈಬರ್ ತುಂಡಾಯಿತು. ರಾತ್ರಿ ಹನ್ನೊಂದರ ಮೇಲೆ ನಾನು, ಒಬ್ಬ ಹುಡುಗ, ಛತ್ರಿ ಹಿಡಿದು ಟಾರ್ಚ್ ಬೆಳಕಿನಲ್ಲಿ ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಸೇರಿಸುತ್ತಿದ್ದೆವು. 18 ವರ್ಷ ಕಾದ ಪಂದ್ಯ, ನಾನು ಕಂಬದ ಕೆಳಗೆ. ನೋಡಲು ಆಗಲಿಲ್ಲ, ಆದರೆ ಕೇಳಿಸಿತು. ಒಂದೊಂದು ಚೆಂಡೂ ಮೂರು ಸಲ ಕೇಳಿಸಿತು. ಮೊದಲು ತಟ್ಟೆ ಇರುವ ಮನೆಯಿಂದ ಕೂಗು. ಒಂದೆರಡು ಕ್ಷಣಕ್ಕೆ ಕೇಬಲ್ ಮನೆಗಳಿಂದ. ಎಲ್ಲ ಅಡಗಿದ ಮೇಲೆ, ಅರ್ಧ ನಿಮಿಷ ಕಳೆದು, ಫೋನಿನಲ್ಲಿ ನೋಡುವ ಮನೆಗಳಿಂದ ಅದೇ ಕೂಗು. ಕೊನೆಯ ಓವರ್, 29 ಬೇಕು. ಹೇಜಲ್‌ವುಡ್ ಮೊದಲ ಎರಡು ಚೆಂಡಿಗೆ ರನ್ ಕೊಡಲಿಲ್ಲ. ಅಲ್ಲಿಗೇ ತಟ್ಟೆ ಮನೆಯವರು ಕುಣಿಯಲು ಶುರು ಮಾಡಿದ್ದರು. ಆಮೇಲೆ ಶಶಾಂಕ್ ಸಿಂಗ್ ಹೊಡೆದ ಸಿಕ್ಸರ್‌ಗಳಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆರು ರನ್‌ಗಳಿಂದ ಗೆದ್ದಾಯಿತು.

ಆಗ ನನಗೆ ಫೋನ್ ಬಂತು. ಮೇಷ್ಟ್ರು. ಮೊಮ್ಮಗಳು ಫೋನಿನಲ್ಲಿ ಹಾಕಿಕೊಟ್ಟಿದ್ದಳಂತೆ.

"ಏನಪ್ಪಾ, ಇಲ್ಲಿ ಸ್ಟಕ್ ಆಗಿದೆ. ಎರಡು ಚೆಂಡು ಬಾಕಿ ಇದೆ. ಕೊಹ್ಲಿ ಯಾಕೋ ಅಳ್ತಿದಾನೆ. ಹೊರಗಡೆ ಪಟಾಕಿ ಸದ್ದು. ಏನಾಯ್ತು?"

ಪಟಾಕಿ ಸದ್ದು ನನ್ನ ಕಿವಿಗೂ ಬೀಳುತ್ತಿತ್ತು. ಹುಡುಗ ಎಳೆ ಸೇರಿಸಿ ಡಬ್ಬಿ ಮುಚ್ಚುತ್ತಿದ್ದ. ಹೇಳಿಬಿಡಲಾ ಅಂತ ಒಂದು ಕ್ಷಣ ಅನ್ನಿಸಿತು.

"ಗೊತ್ತಿಲ್ಲ ಸಾರ್," ಅಂದೆ. "ಈಗ ಸರಿಹೋಗುತ್ತೆ, ನೋಡ್ತಾ ಇರಿ."